ತೆಂಗಿನಕಾಯಿ ಸುಲಿಯುವ ಏಡಿ

ನಮ್ಮ ಮನೆತನದಲ್ಲಿ ಕುರ್ಚಿಯ ಮೇಲೆ ಕೂತು ಸಂಬಳ ತೆಗೆದುಕೊಂಡವರಲ್ಲಿ ನಾನೇ ಮೊದಲಿಗಳು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಅಪ್ಪ ಮರಾಠಿ ಸೀಮೆಯ ಶಹಾಡ್ ಸ್ಟೇಷನ್ನಿನ ಹತ್ತಿರದ ಒಂದು ಉಡುಪಿ ಹೋಟೆಲಿನಲ್ಲಿ ಇಪ್ಪತ್ತೆಂಟು ವರ್ಷ ಸಪ್ಲಾಯರ್ ಆಗಿದ್ದವರು. ಅಂದರೆ ಇಪ್ಪತ್ತೆಂಟು ವರ್ಷ ನಿಂತವರು. ನಾನು ಬಿ.ಕಾಂ. ಓದಿದ್ದು ಅದೇ ಹೋಟೆಲಿನ ಹಿಂದಿನ ಸಾಮಾನು ಕೋಣೆಯಲ್ಲಿ, ಅಕ್ಕಿ ಮೂಟೆಯ ಮೇಲೆ ಕಾಲು ಮಡಚಿ ಕೂತು. ಅಕೌಂಟ್ಸ್ ಪೇಪರು ಎರಡು ಸಲ ಹೋಯಿತು, ಮೂರನೇ ಸಲಕ್ಕೆ ಸಿಕ್ಕಿತು. ಸರ್ಟಿಫಿಕೇಟು ಬಂದ ದಿನ ಅಪ್ಪ ಅದನ್ನು ಲ್ಯಾಮಿನೇಟ್ ಮಾಡಿಸಿ ಹೋಟೆಲಿಗೆ ಒಯ್ದು, ಗಲ್ಲಾದ ಮೇಲಿನ ದೇವರ ಪಟದ ಪಕ್ಕ ಒಂದು ದಿನ ಇಡಿಸಿದ್ದರು. ಮನೆಗೆ ಬಂದಾಗ ಅದು ಊದುಬತ್ತಿಯ ವಾಸನೆ ಹೊಡೆಯುತ್ತಿತ್ತು.

ಆಮೇಲೆ ನನಗೆ ಕೆಲಸ ಸಿಕ್ಕಿದ್ದು ರಬಾಳೆಯ ಒಂದು ಕಾಲ್ ಸೆಂಟರಿನಲ್ಲಿ. ಶಹಾಡದಿಂದ ಠಾಣೆಗೆ ಒಂದು ಲೋಕಲ್ ರೈಲು, ಠಾಣೆಯಿಂದ ಆಗಷ್ಟೇ ಶುರುವಾಗಿದ್ದ ವಾಶಿ ಲೈನಿನ ಇನ್ನೊಂದು ಗಾಡಿ. ಇಂಗ್ಲೆಂಡಿನವರು ಬೆಳಿಗ್ಗೆ ಎದ್ದು ಚಹಾ ಕುಡಿದು ಫೋನು ಮಾಡುವ ಹೊತ್ತಿಗೆ ನಮಗೆ ಮಧ್ಯಾಹ್ನ. ಅಲ್ಲಿನ ಒಂದು ಕಂಪನಿ ಶ್ರೀಮಂತರನ್ನು ಹಾಯಿ ಹಡಗಿನಲ್ಲಿ ಹಿಂದೂ ಮಹಾಸಾಗರದ ದೂರದ ದ್ವೀಪಗಳಿಗೆ ಕರೆದೊಯ್ಯುತ್ತಿತ್ತು. ಹಡಗಿಗೆ ಹನ್ನೆರಡೇ ಜನ, ಸಾಗುವಾನಿ ಹಾಸು, ಬಿಳಿ ಹಾಯಿ, ಸಂಜೆ ಹಾಯಿಯ ಅಡಿಯಲ್ಲಿ ಮೇಜು ಹಾಕಿ ಊಟ. ವಿಚಾರಿಸಲು ಫೋನು ಮಾಡಿದವರಿಗೆ ಉತ್ತರ ಹೇಳುವುದು ನಮ್ಮ ಕೆಲಸ. ಎರಡು ದಿನದ ಟ್ರೇನಿಂಗು, ಕೈಗೊಂದು ಫೈಲು. ಫೈಲಿನಲ್ಲಿ ಚಿತ್ರಗಳಿದ್ದವು: ಕತ್ತು ಚಾಚಿ ತುರಿಸಿಕೊಳ್ಳುವ ದೈತ್ಯ ಆಮೆಗಳು, ಹಾರಲು ಬಾರದ, ಬೂಟಿನ ದಾರ ಕುಕ್ಕುವ ಒಂದು ಹಕ್ಕಿ, ಮತ್ತೆ ಆ ಏಡಿ. ತೆಂಗಿನ ಮರ ಹತ್ತುವ, ಕಾಯಿಯನ್ನು ಇಕ್ಕಳದಂಥ ಕೊಂಬಿನಿಂದಲೇ ಸುಲಿದು ಒಡೆಯುವ, ನಾಯಿಮರಿಯಷ್ಟು ದೊಡ್ಡ ಏಡಿ.

ನಾನು ಆವರೆಗೆ ದೋಣಿ ಹತ್ತಿದವಳೇ ಅಲ್ಲ.

ಆ ಮುದುಕಿ ಫೋನು ಮಾಡಿದ್ದು ನಾನು ಸೇರಿದ ಐದನೇ ತಿಂಗಳಲ್ಲಿ. ಆರು ತಿಂಗಳಿಗೆ ಪ್ರೊಬೇಷನ್ ಮುಗಿದು ಕನ್ಫರ್ಮೇಶನ್ ಲೆಟರ್ ಸಿಗಬೇಕಿತ್ತು. ಅಪ್ಪ ಆಗಲೇ ಹೋಟೆಲಿಡೀ ಹೇಳಿಕೊಂಡು ಬಂದಿದ್ದರು. ಮುದುಕಿಗೆ ಎಪ್ಪತ್ತನಾಲ್ಕು. ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿ ದುಡಿದು ನಿವೃತ್ತಿಯಾದವಳು, ಕೂಡಿಟ್ಟ ಹಣದಲ್ಲಿ ಹೊರಟವಳು. ಆಮೆ, ಹಕ್ಕಿ, ಸೂರ್ಯಾಸ್ತ ಯಾವುದೂ ಅವಳಿಗೆ ಬೇಕಿರಲಿಲ್ಲ.

"ಏಡಿ ನಿಜವಾಗಿ ಇದೆಯಾ?" ಎಂದಳು. "ಹಾಗೊಂದು ಏಡಿ ಇರುವುದು ಶುದ್ಧ ಸುಳ್ಳು ಅಂತ ನನ್ನ ತಮ್ಮ ಐವತ್ತು ವರ್ಷದಿಂದ ಹೇಳುತ್ತಿದ್ದಾನೆ. ಅವನು ಸಾಯುವ ಮೊದಲು ಅದರ ಪಕ್ಕ ನಿಂತು ಫೋಟೋ ತೆಗೆಸಿ ಅವನ ಮುಖಕ್ಕೆ ಹಿಡಿಯಬೇಕು."

"ಇದೆ ಮೇಡಂ. ಕತ್ತಿ ಇಲ್ಲದೆ ಕಾಯಿ ಸುಲಿಯುತ್ತದೆ."

ಅವಳು ನಕ್ಕಳು. ಆಮೇಲೆ ಕೇಳಿದಳು: "ಹಡಗಿನಿಂದ ದ್ವೀಪಕ್ಕೆ ಇಳಿಯುವುದು ಹೇಗೆ? ನನ್ನ ಸೊಂಟಕ್ಕೆ ಆಪರೇಷನ್ ಆಗಿದೆ."

ಇಲ್ಲಿ ಒಂದು ಮಾತು ಹೇಳಬೇಕು. ಹೋಟೆಲಿನಲ್ಲಿ ಗಿರಾಕಿಗೆ 'ಇಲ್ಲ' ಅನ್ನುವಂತಿಲ್ಲ. ಇಡ್ಲಿ ಮುಗಿದಿದ್ದರೆ 'ಮೇಂದುವಡಾ ಗರಂ ಹೈ ಸಾಬ್' ಎಂದು ಬಿಸಿ ಉದ್ದಿನವಡೆ ತೋರಿಸಬೇಕು. ಏನೂ ಇಲ್ಲದಿದ್ದರೆ 'ಪಾಂಚ್ ಮಿನಿಟ್', ಐದೇ ನಿಮಿಷ, ಅನ್ನಬೇಕು. ನಾನು ಅದನ್ನು ಕೇಳಿಕೊಂಡೇ ದೊಡ್ಡವಳಾದವಳು. ಕಾಲ್ ಸೆಂಟರಿನವರು ಕಲಿಸಿದ್ದೂ ಅದನ್ನೇ. ದ್ವೀಪ ಎಂದಮೇಲೆ ದೋಣಿ ನಿಲ್ಲುವ ಧಕ್ಕೆ ಇರಲೇಬೇಕು, ಮಲ್ಪೆಯಲ್ಲಿ ಇರುವ ಹಾಗೆ, ಎಂದುಕೊಂಡೆ.

"ಕಟ್ಟೆ ಇದೆ. ದೋಣಿಯನ್ನು ಅದಕ್ಕೆ ತಾಗಿಸಿ ನಿಲ್ಲಿಸುತ್ತಾರೆ. ಮೆಟ್ಟಿಲಿದೆ, ಹಿಡಿದುಕೊಳ್ಳಲು ಕಂಬಿ ಇದೆ."

"ನೀನು ಹೋಗಿದ್ದೀಯಾ?"

"ಹೋಗಿದ್ದೇನೆ."

ಹೆಡ್‌ಸೆಟ್ಟಿನೊಳಗೆ ನನ್ನ ದನಿ ನನಗೇ ಕೇಳಿಸಿತು. ಮುದುಕಿ ಅಂದೇ ಸೀಟು ಹಿಡಿದಳು. ನಮ್ಮ ಟೀಮ್ ಲೀಡರ್ ಗದಗದ ಕಡೆಯವರು. ನನ್ನ ಹೆಸರನ್ನು ಬಿಳಿ ಬೋರ್ಡಿನ ಮೇಲೆ ಬರೆದು, "ಭಾಳ ಚಲೋ ಮಾಡಿದಿ ಬಿಡವಾ" ಎಂದು ಚಪ್ಪಾಳೆ ಹೊಡೆದರು.

ಅದಾಗಿ ಮೂರನೇ ವಾರ ಇನ್ನೊಬ್ಬ ಗಿರಾಕಿ ಫೋನು ಮಾಡಿದ. ಅದೇ ದ್ವೀಪಗಳಿಗೆ ಹೋಗಿ ಬಂದವನು, ಬೆಂಕಿಯಾಗಿದ್ದ. ಕಟ್ಟೆಯೂ ಇಲ್ಲ, ಮೆಟ್ಟಿಲೂ ಇಲ್ಲ. ರಬ್ಬರ್ ದೋಣಿಯ ಅಂಚಿನಿಂದ ನೀರಿಗೆ ಧುಮುಕಬೇಕು, ಕಾಲಡಿಯಲ್ಲಿ ಬ್ಲೇಡಿನಂಥ ಹವಳದ ಕಲ್ಲು. ಅವನ ಮಂಡಿ ಒಡೆದಿತ್ತು. ಅವನಿಗೆ ನಲವತ್ತು ವರ್ಷ.

ನಾನು ಕ್ಷಮೆ ಕೇಳಿ ಫೋನಿಟ್ಟೆ. ಅಲ್ಲಿಂದಾಚೆ ಕೂರಲು ಆಗಲಿಲ್ಲ. ನೀರು ಕುಡಿಯಲು ಎದ್ದೆ, ಕುಡಿಯದೆ ಬಂದೆ. ಮತ್ತೆ ಎದ್ದೆ.

"ಯಾಕವಾ, ಕುಂತಲ್ಲೇ ಕುಂದ್ರಾಕ ಆಗವಲ್ದೇನು? ಕುರ್ಚ್ಯಾಗ ತಗಣಿ ಅದಾವೇನು?" ಎಂದರು ಟೀಮ್ ಲೀಡರ್.

ಮುದುಕಿಯ ಪ್ರಯಾಣಕ್ಕೆ ಇನ್ನು ನಾಲ್ಕು ವಾರ. ನನ್ನ ಲೆಟರಿಗೆ ಹನ್ನೊಂದು ದಿನ. ಅವಳಿಗೆ ಫೋನು ಮಾಡಿ ನಿಜ ಹೇಳಬಹುದಿತ್ತು. ಆದರೆ ಪ್ರತಿ ಕರೆಯೂ ರೆಕಾರ್ಡ್ ಆಗುತ್ತಿತ್ತು. ಹೋಗದ ಜಾಗಕ್ಕೆ ಹೋಗಿದ್ದೇನೆ ಎಂದು ಗಿರಾಕಿಗೆ ಸುಳ್ಳು ಹೇಳಿದೆ ಎಂದು ನನ್ನ ಬಾಯಿಂದಲೇ ದಾಖಲಾದರೆ ಕೆಲಸ ಹೋಯಿತೆಂದೇ ಲೆಕ್ಕ. ಹೇಳದಿದ್ದರೆ ಲೆಟರ್ ಕೈಗೆ ಬರುತ್ತದೆ, ಮುದುಕಿ ನೀರಿಗೆ ಇಳಿಯುತ್ತಾಳೆ.

ಆ ದಿನಗಳಲ್ಲಿ ನನಗೆ ನನ್ನದೇ ಕಾಲುಗಳ ಮೇಲೆ ಹಿಡಿತವಿರಲಿಲ್ಲ. ಠಾಣೆ ಸ್ಟೇಷನ್ನಿನಲ್ಲಿ ಗಾಡಿ ಬರುವವರೆಗೆ ಪ್ಲಾಟ್‌ಫಾರ್ಮಿನ ಈ ತುದಿಯಿಂದ ಆ ತುದಿಗೆ ನಡೆಯುತ್ತಿದ್ದೆ. ಲೇಡೀಸ್ ಡಬ್ಬಿ ನಿಲ್ಲುವ ಜಾಗ ದಾಟಿ ಹೋಗಿ ಎರಡು ಸಲ ಗಾಡಿ ತಪ್ಪಿಸಿಕೊಂಡೆ. ಸೀಟು ಸಿಕ್ಕಿದರೂ ನಿಂತೇ ಹೋಗುತ್ತಿದ್ದೆ. ಯಾರಾದರೂ ಮುದುಕಿಯರು ಗಾಡಿ ಇಳಿಯುವುದನ್ನು ಕಂಡರೆ, ಒಂದು ಕೈಯಿಂದ ಕಂಬ ಹಿಡಿದು ಒಂದು ಕಾಲನ್ನು ಗಾಳಿಯಲ್ಲಿ ತಡಕಾಡಿಸುವುದನ್ನು ಕಂಡರೆ, ಮುಖ ತಿರುಗಿಸುತ್ತಿದ್ದೆ.

ಅಪ್ಪನಿಗೆ ಬುಧವಾರ ರಜೆ. ಬೆಳಿಗ್ಗೆ ಅವರ ಎದುರು ತಿಂಡಿ ತಿನ್ನದೆ ತಟ್ಟೆ ಸರಿಸಿದೆ. ಮನೆಯಲ್ಲಿ ನಮ್ಮದು ತುಳು. ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ.

"ಎಂತ ಮಗಾ, ನಾನು ಮಾಡಿದ ದೋಸೆಗೆ ಈಗ ಇಂಗ್ಲೀಷಿನವರ ಸರ್ಟಿಫಿಕೇಟು ಬೇಕಾ?"

ಎಲ್ಲ ಹೇಳಿದೆ. ಅಪ್ಪ ಕೇಳುತ್ತ ಕೇಳುತ್ತ ಚಟ್ನಿಯ ಪಾತ್ರೆ ಮುಚ್ಚಿದರು, ತೆರೆದರು.

"ನೀವೇ ಅಲ್ವಾ ಹೇಳಿದ್ದು, ಗಿರಾಕಿಗೆ ಇಲ್ಲ ಅನ್ನಬಾರದು ಅಂತ?"

"ಅದು ಇಡ್ಲಿಗೆ ಹೇಳಿದ್ದು ಮಾರಾಯ್ತಿ. ಮನುಷ್ಯರ ಸೊಂಟಕ್ಕಲ್ಲ."

ಆಮೇಲೆ ಅವರು ಒಂದು ಸಂಗತಿ ಹೇಳಿದರು. ನಾನು ಅದನ್ನು ಮೊದಲು ಕೇಳಿರಲಿಲ್ಲ. ಹೋಟೆಲಿಗೆ ಈರುಳ್ಳಿ ಮುಟ್ಟದ ಜೈನ ಅಂಗಡಿಯವರೊಬ್ಬರು ಬರುತ್ತಿದ್ದರಂತೆ. ಒಂದು ದಿನ ಸಾಂಬಾರಿನಲ್ಲಿ ಈರುಳ್ಳಿ ಇಲ್ಲ ತಾನೇ ಎಂದು ಕೇಳಿದರು. ಜನ ತುಂಬಿದ್ದ ಹೊತ್ತು. ಅಪ್ಪ ನೋಡದೆ ಇಲ್ಲ ಎಂದುಬಿಟ್ಟರು. ಅವರು ಎರಡು ಬಟ್ಟಲು ಕುಡಿದು ಹೋದಮೇಲೆ ಗೊತ್ತಾಯಿತು, ಅವತ್ತಿನ ಸಾಂಬಾರು ಈರುಳ್ಳಿಯದೇ.

"ಹೇಳಿದ್ರಾ ಅವರಿಗೆ?"

"ಇಲ್ಲ. ಹೋಟೆಲಿನ ಸೇಠಿಗೆ ಹೆದರಿದೆ. ಆ ಮನುಷ್ಯ ಮತ್ತೂ ಹನ್ನೆರಡು ವರ್ಷ ಬಂದ್ರು. ಒಳ್ಳೇವ್ರು. ನನ್ನನ್ನು 'ಅಣ್ಣಾ' ಅಂತ ಕರೀತಿದ್ರು. ಅವ್ರು ಕೂತ ಮೇಜಿಗೆ ನಾನು ಒಂದು ದಿನವೂ ಹೋಗ್ಲಿಲ್ಲ. ಬೇರೆಯವ್ರನ್ನು ಕಳಿಸಿ ನಾನು ಒಳಗೆ ಗ್ಲಾಸು ತೊಳೀತಾ ನಿಂತದ್ದು." ಅಪ್ಪ ಎದ್ದರು. "ಬಿಕಾಂ ಮಾಡಿದ್ದು ನೀನು. ನನ್ನ ಹತ್ರ ಎಂತ ಕೇಳುದು?"

ಅಂದೇ ಮಧ್ಯಾಹ್ನ ಮುದುಕಿಗೆ ಫೋನು ಮಾಡಿದೆ. ಮೊದಲೇ ಕಾಗದದ ಮೇಲೆ ಬರೆದುಕೊಂಡಿದ್ದೆ, ಇಲ್ಲದಿದ್ದರೆ ಮಾತು ಬೇರೆ ದಾರಿ ಹಿಡಿಯುತ್ತದೆಂದು. ನಾನು ಆ ದ್ವೀಪಕ್ಕೆ ಹೋಗಿಲ್ಲ. ಕಟ್ಟೆ ಇಲ್ಲ. ಮೆಟ್ಟಿಲಿಲ್ಲ. ನೀರಿಗೇ ಇಳಿಯಬೇಕು. ತಪ್ಪು ನನ್ನದು.

ಅವಳು ಒಂದೊಂದನ್ನೂ ಮತ್ತೆ ಹೇಳಿಸಿದಳು. ಆಮೇಲೆ: "ಏಡಿ?"

"ಏಡಿ ನಿಜ."

"ನೋಡಿದ್ದೀಯಾ?"

"ಇಲ್ಲ. ಫೋಟೋ ಮಾತ್ರ."

"ಹುಡುಗಿ, ನನ್ನ ತಮ್ಮನಿಗೂ ನಿನಗೂ ಭೇಟಿ ಮಾಡಿಸಬೇಕು," ಎಂದಳು. ನಗುತ್ತಿರಲಿಲ್ಲ. ದನಿ ಗಟ್ಟಿಯಾಗಿತ್ತು. "ನೀರು ಎಷ್ಟು ಆಳ?"

"ಗೊತ್ತಿಲ್ಲ."

"ಗೊತ್ತು ಮಾಡಿಕೊಂಡು ನಾಳೆ ಹೇಳು."

ಹಡಗಿನ ಕಪ್ತಾನನಿಗೆ ಮೇಲ್ ಬರೆದೆ. ಮರುದಿನ ಅವನ ಉತ್ತರ ಬಂತು: ಉಬ್ಬರದಲ್ಲಿ ಮಂಡಿಯವರೆಗೆ ನೀರು, ಇಪ್ಪತ್ತು ಹೆಜ್ಜೆ ನಡೆಯಬೇಕು. ವಯಸ್ಸಾದವರನ್ನು ಹಡಗಿನಲ್ಲೇ ಬಿಡುತ್ತೇವೆ, ಅವರು ದುರ್ಬೀನಿನಲ್ಲಿ ನೋಡುತ್ತಾರೆ. ಮುದುಕಿಗೆ ಹೇಳಿದೆ.

"ದುರ್ಬೀನಿನಲ್ಲಿ ನೋಡಿದ ಏಡಿಯನ್ನು ನನ್ನ ತಮ್ಮ ನಂಬುತ್ತಾನಾ?" ಎಂದಳು. ಸೀಟನ್ನು ರದ್ದು ಮಾಡು ಎಂದೂ ಹೇಳಲಿಲ್ಲ, ಬರುತ್ತೇನೆ ಎಂದೂ ಹೇಳಲಿಲ್ಲ. ಅದು ನನ್ನನ್ನು ಇನ್ನಷ್ಟು ಕಾಡಿತು.

ಮನೆಗೆ ಮರಳುವಾಗ ಗಾಡಿ ಉಲ್ಹಾಸ್ ನದಿಯ ಪಕ್ಕದಲ್ಲಿ ನಿಧಾನವಾಯಿತು. ಆಗ ಹೊಳೆಯಿತು. ಹಿಂದಿನ ಮಳೆಗಾಲದಲ್ಲಿ ಆ ನದಿ ನಮ್ಮ ಸಾಲುಕೋಣೆಗಳ ಚಾಳಿಗೆ ನುಗ್ಗಿ ಎದೆಮಟ್ಟ ನಿಂತಾಗ, ಪಕ್ಕದ ಖೋಲಿಯ ಆಜಿಯನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಮುಖ್ಯ ರಸ್ತೆಯವರೆಗೆ ಹೊತ್ತು ತಂದಿದ್ದರು. ಹೊತ್ತ ನಾಲ್ವರಲ್ಲಿ ಅಪ್ಪ ಒಬ್ಬರು. ಆಜಿ ಕೊಡೆ ಬಿಚ್ಚಿ ಹಿಡಿದು, ದಾರಿಯುದ್ದಕ್ಕೂ ಮರಾಠಿಯಲ್ಲಿ ಅವರಿಗೆ ಬಯ್ಯುತ್ತ ಬಂದಿದ್ದಳು.

ಮರುದಿನ ಬೆಳಿಗ್ಗೆ, ಅಪ್ಪ ಡ್ಯೂಟಿಗೆ ಹೊರಡುವ ಮೊದಲು, ಹೇಗೆ ಹೊತ್ತದ್ದು ಎಂದು ಕೇಳಿದೆ. ಅಪ್ಪ ಬಾಯಲ್ಲಿ ಹೇಳುವವರಲ್ಲ. ಖೋಲಿಯ ಹೊರಗಿನ ಪಡಸಾಲೆಯಲ್ಲಿ ಕುರ್ಚಿ ಇಟ್ಟು, "ಕೂರು" ಎಂದರು. ಎದುರಿನ ಮನೆಯವರನ್ನು ಕೂಗಿ ಕರೆದರು.

"ಕುರ್ಚಿಯ ಕಾಲು ಹಿಡೀಬಾರದು, ಮುರೀತದೆ. ಕೈಯನ್ನೂ ಹಿಡೀಬಾರದು, ಕಿತ್ತು ಬರ್ತದೆ. ಸೀಟಿನ ಅಡಿಗೆ ಅಂಗೈ ಕೊಡ್ಬೇಕು. ಉದ್ದದವ್ರು ಹಿಂದೆ. ಕೂತವ್ರು ಹಿಂದಕ್ಕೆ ಒರಗಿ ಇರ್ಬೇಕು. ಸೊಂಟಕ್ಕೊಂದು ಪಂಚೆ ಸುತ್ತಿ ಕುರ್ಚಿಗೆ ಕಟ್ಟು, ಆದ್ರೆ ಗಂಟು ಹಾಕ್ಬೇಡ, ಸಿಕ್ಕಿಸು. ಬಿದ್ರೆ ಬಿಡಿಸಿಕೊಳ್ಳಲಿಕ್ಕೆ ಆಗ್ಬೇಕಲ್ಲ."

ಇಬ್ಬರೂ ಎತ್ತಿದರು. ಅಪ್ಪನಿಗೆ ಆಗ ಐವತ್ತಾರು. ನನ್ನ ಬೆನ್ನ ಹಿಂದೆ ಅವರ ಉಸಿರು ಕೇಳುತ್ತಿತ್ತು. ಚಾಳಿನ ಹೆಂಗಸರೆಲ್ಲ ಹೊರಗೆ ಬಂದು, "ಕಾಯ್ ಗಂ, ಲಗ್ನ ಠರಲಂ ಕಾ?" ಎಂದು ಮದುವೆ ನಿಶ್ಚಯವಾಯಿತೇ ಎಂದು ಕೇಳಿ ನಗುತ್ತಿದ್ದರು. ಹತ್ತು ಹೆಜ್ಜೆ ಹೊತ್ತು, ತಿರುಗಿ ತಂದು ಇಳಿಸಿದರು.

"ಅಪ್ಪ, ಸಾಕು."

"ಇಪ್ಪತ್ತು ಹೆಜ್ಜೆ ಅಲ್ವಾ ಅವರದ್ದು? ಸರಿಯಾಯ್ತು."

ಇದಿಷ್ಟನ್ನೂ ಇಂಗ್ಲಿಷಿನಲ್ಲಿ ಒಂದು ಪುಟ ಬರೆದು ಕಪ್ತಾನನಿಗೆ ಕಳಿಸಿದೆ. ಕಾಲೇಜಿನಲ್ಲಿ ಮೂರು ವರ್ಷ ಬರೆದ ಯಾವ ಉತ್ತರವೂ ಅಷ್ಟು ಚೆನ್ನಾಗಿ ಬಂದಿರಲಿಲ್ಲ. ಅವನು ಒಂದೇ ಸಾಲು ಬರೆದ: ನಮ್ಮಲ್ಲಿ ಅಂಥ ಕುರ್ಚಿ ಇಲ್ಲ, ಬಂದರಿನಲ್ಲಿ ಕೊಳ್ಳುತ್ತೇವೆ. ಮುದುಕಿಗೆ ಓದಿ ಹೇಳಿದೆ. "ಹಾಗಾದರೆ ಹೊರಟೆ," ಎಂದಳು.

ಹನ್ನೊಂದನೇ ದಿನ ಟೀಮ್ ಲೀಡರ್ ನನ್ನನ್ನು ಗಾಜಿನ ಕೋಣೆಗೆ ಕರೆದರು. ರೆಕಾರ್ಡಿಂಗ್ ಕೇಳಿದ್ದರು. ಅವರ ಮೇಲಿನವರೂ ಕೇಳಿದ್ದರು.

"ಸುಳ್ಳು ಎಲ್ಲಾರೂ ಹೇಳ್ತಾರವಾ ಇಲ್ಲೆ," ಎಂದರು. ಅವರಿಗೂ ನನ್ನ ಮುಖ ನೋಡಲು ಆಗುತ್ತಿರಲಿಲ್ಲ. "ಆದ್ರ ನೀ ಫೋನ್ ಮಾಡಿ ಒಪ್ಕೊಂಡಿ. ಅದನ್ನ ಹ್ಯಾಂಗ ಅಳಸಲಿ ನಾ?"

ಲೆಟರ್ ಬರಲಿಲ್ಲ. ತಿಂಗಳ ಕೊನೆಗೆ ಕುತ್ತಿಗೆಯ ಕಾರ್ಡು ಕಳಚಿ ಕೊಟ್ಟು ಬಂದೆ. ಅಪ್ಪನಿಗೆ ಹೇಳಿದೆ. ಮರುದಿನ ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂತಿದ್ದ ಸೇಠ್, "ಏನಯ್ಯಾ, ಮಗಳ ಲೆಟರ್ ಬಂತಾ?" ಎಂದು ಎಲ್ಲರೆದುರು ಕೇಳಿದರಂತೆ. ಕೈಯಲ್ಲಿ ನಾಲ್ಕು ಪ್ಲೇಟು ಹಿಡಿದಿದ್ದ ಅಪ್ಪ ನಿಲ್ಲದೆ, "ಪಾಂಚ್ ಮಿನಿಟ್" ಎಂದು ಹೇಳಿ ಒಳಗೆ ಹೋದರಂತೆ. ಇದನ್ನು ನನಗೆ ಹೇಳಿದವರು ಆಗ ಅಲ್ಲಿ ಚಹಾ ಕುಡಿಯುತ್ತಿದ್ದ ಎದುರಿನ ಮನೆಯವರು. ನನಗೆ ನಗುವೂ ಬಂತು, ಕಣ್ಣೂ ತುಂಬಿತು.

ಎರಡು ತಿಂಗಳು ಅಲೆದು ಕಳಂಬೋಲಿಯ ಲೋಖಂಡ್ ಮಾರ್ಕೆಟ್ಟಿನ ಒಂದು ಆಫೀಸಿನಲ್ಲಿ ಕೆಲಸ ಹಿಡಿದೆ. ಕಬ್ಬಿಣದ ಸರಳುಗಳ ಬಿಲ್ಲು ಬರೆಯುವುದು. ಹಾಯಿ ಹಡಗಿಲ್ಲ, ಆಮೆಯಿಲ್ಲ. ಹೊರಗೆ ದಿನವಿಡೀ ಸರಳು ಬೀಳುವ ಸದ್ದು. ಆದರೆ ಕುರ್ಚಿ ಇತ್ತು. ಅದರ ಮೇಲೆ ಕೂತಾಗಲೂ ನಡುನಡುವೆ ಏಳಬೇಕೆನಿಸುತ್ತಿತ್ತು: ಮುದುಕಿ ಇಳಿದಳೋ? ಬಿದ್ದಳೋ? ಕೇಳಲು ಯಾರೂ ಇರಲಿಲ್ಲ.

ಮಳೆ ಹಿಡಿದ ಮೇಲೆ ಒಂದು ದಿನ ಟೀಮ್ ಲೀಡರ್ ಫೋನು ಮಾಡಿ ಠಾಣೆ ಸ್ಟೇಷನ್ನಿನ ಸೇತುವೆಯ ಮೇಲೆ ಬರಹೇಳಿದರು. "ನಿನ್ನ ಮುದುಕಿ ಕಳ್ಸ್ಯಾಳ, ತೊಗೊ. ಆಫೀಸಿನ ಪ್ರಿಂಟರ್‌ನ್ಯಾಗ ತಗದೇನಿ, ಯಾರಿಗೂ ಹೇಳಬ್ಯಾಡ," ಎಂದು ಒಂದು ಹಾಳೆ ಕೈಗಿಟ್ಟು ಜನರಲ್ಲಿ ಸೇರಿಹೋದರು.

ಮೇಲೆ ಎರಡು ಫೋಟೋ. ಒಂದರಲ್ಲಿ ಹಸಿರು ನೀರಿನ ಮೇಲೆ ಬಿಳಿ ಪ್ಲಾಸ್ಟಿಕ್ ಕುರ್ಚಿ, ಅದರಲ್ಲಿ ಟೋಪಿ ಹಾಕಿದ ಸಣ್ಣ ಮೈಯ ಹೆಂಗಸು, ಸುತ್ತ ನಾಲ್ವರು ನಾವಿಕರು. ಇನ್ನೊಂದರಲ್ಲಿ ಅದೇ ಕುರ್ಚಿ ಮರಳಿನಲ್ಲಿ, ಪಕ್ಕದಲ್ಲಿ ಅವಳು ನಿಂತಿದ್ದಾಳೆ. ಕುರ್ಚಿಯ ಕಾಲನ್ನು ತಬ್ಬಿಕೊಂಡು ನೀಲಿಗಪ್ಪು ಬಣ್ಣದ, ನಂಬಲಾಗದಷ್ಟು ದೊಡ್ಡ ಏಡಿ. ಕೆಳಗೆ ಎರಡು ಸಾಲು: 'ಕಾಲು ಒದ್ದೆಯಾಗಲಿಲ್ಲ. ಏಡಿ ಪ್ಲಾಸ್ಟಿಕ್ಕಿನದು ಎಂದು ತಮ್ಮ ಹೇಳುತ್ತಿದ್ದಾನೆ.'

ಅಪ್ಪನಿಗೆ ತೋರಿಸಿದೆ. ಅವರು ಕೈ ಒರೆಸಿಕೊಂಡು, ಹಾಳೆಯನ್ನು ಬಾಗಿಲ ಬೆಳಕಿಗೆ ಹಿಡಿದು, ಏಡಿಯನ್ನು ಬಿಟ್ಟು ಮೊದಲ ಫೋಟೋವನ್ನೇ ಬಹಳ ಹೊತ್ತು ನೋಡಿದರು.

"ಎಡಗಡೆಯವ ಕೈ ಸರಿ ಕೊಡ್ಲಿಲ್ಲ," ಎಂದರು. "ಆದ್ರೂ ತಂದಿದ್ದಾರೆ."

ಆಮೇಲೆ ಏಡಿಯ ಕಡೆ ಬೆರಳು ತೋರಿಸಿದರು. "ಇದು ತಿನ್ಲಿಕ್ಕೆ ಆಗ್ತದಾ?"

"ಗೊತ್ತಿಲ್ಲ ಅಪ್ಪ," ಎಂದೆ.