ಪಾಸ್‌ಪೋರ್ಟಿಗೆ ಹಾಕಿದ ಹೊಲಿಗೆ

ಟೈಲರಮ್ಮನ ಕೈ ಸುಮ್ಮನಿರುವ ಕೈಯಲ್ಲ. ಬಸ್ಸಿನಲ್ಲಿ ಪಕ್ಕದವರ ಕೋಟಿನ ಗುಂಡಿ ಜೋತಾಡುತ್ತಿದ್ದರೂ ಸಾಕು, ಬೆರಳು ತುರಿಸುತ್ತದೆ. ಈ ಪರದೇಶಕ್ಕೆ ಬಂದ ಏಳು ವರ್ಷದಿಂದಲೂ ನೆಲಮಾಳಿಗೆಯ ಅಂಗಡಿಯಲ್ಲಿ ಕಂಡವರ ಪ್ಯಾಂಟು ಗಿಡ್ಡ ಮಾಡುತ್ತ, ಕಿತ್ತ ಜಿಪ್ಪು ಬದಲಿಸುತ್ತ ಸಂಸಾರ ತೂಗಿಸಿದವಳು. ಗಂಡ ಗೋದಾಮಿನಲ್ಲಿ ಪೆಟ್ಟಿಗೆ ಹೊರುತ್ತಾನೆ. ಮಗಳಂತೂ ಶಾಲೆಗೆ ಹೋಗಿ ಇಲ್ಲಿಯವಳೇ ಆಗಿಬಿಟ್ಟಿದ್ದಾಳೆ. ಮೂವರ ವೀಸಾಗೂ ಇನ್ನು ಹನ್ನೊಂದೇ ದಿನ. ಅಷ್ಟರೊಳಗೆ ಕಾಯಂ ವಾಸದ ಪರವಾನಗಿ ಸಿಗದಿದ್ದರೆ ಗಂಟುಮೂಟೆ ಕಟ್ಟಬೇಕು.

ಸಂದರ್ಶನದ ದಿನ ಬೆಳಿಗ್ಗೆ ನೋಡಿದರೆ ಅವಳ ಪಾಸ್‌ಪೋರ್ಟಿನ ನಡುವಿನ ಹಾಳೆಗಳು ಸಡಿಲವಾಗಿ ಜೋಲುತ್ತಿವೆ! ಇಷ್ಟು ಅಸಹ್ಯವಾಗಿ ದೊಡ್ಡವರ ಮುಂದೆ ಇಡುವುದೇ? ಅದೇ ಬಣ್ಣದ ದಾರ ಹುಡುಕಿ, ಅಚ್ಚುಕಟ್ಟಾಗಿ ನಾಲ್ಕು ಹೊಲಿಗೆ ಹಾಕಿಯೇಬಿಟ್ಟಳು. ಬಸ್ಸಿನಲ್ಲಿ ಗಂಡನಿಗೆ ಹೆಮ್ಮೆಯಿಂದ ತೋರಿಸಿದಳು.

ಅವನ ಮುಖದ ರಕ್ತವೇ ಇಳಿದುಹೋಯಿತು. "ಅಯ್ಯೋ ಪುಣ್ಯಾತ್ಗಿತ್ತಿ, ಇದೇನು ಪ್ಯಾಂಟೇನೇ? ಹಾಳೆ ಬದಲಾಯಿಸಿದ್ದಾರೆ ಅಂತ ಹಿಡ್ಕೋತಾರೆ!"

"ಬಿಚ್ಚಿಬಿಡ್ಲಾ ರೀ?"

"ಬಿಚ್ಚಿದ್ರೆ ತೂತು ಕಾಣುತ್ತೆ. ಸುಮ್ನಿರು. ಕೇಳಿದ್ರೆ ಗೊತ್ತಿಲ್ಲ ಅನ್ನು."

ಕಚೇರಿಯಲ್ಲಿ ಇಬ್ಬರನ್ನೂ ಬೇರೆ ಬೇರೆ ಕೋಣೆಯಲ್ಲಿ ಕೂರಿಸಿದರು. ಗಂಡ ಹೆಂಡಿರ ಮಾತು ತಾಳೆಯಾಗುತ್ತದೋ ಇಲ್ಲವೋ ನೋಡುವುದು ಅಲ್ಲಿಯ ಕ್ರಮ. ಅಧಿಕಾರಿ ಹೆಂಗಸು ಹಾಳೆ ಮಗುಚುತ್ತ ಹೋಗಿ, ಹೊಲಿಗೆಯ ಮೇಲೆ ಹೆಬ್ಬೆರಳಿಟ್ಟು ನಿಲ್ಲಿಸಿದಳು. "ಇದನ್ನ ಹೊಲಿದವರು ಯಾರು?"

ಟೈಲರಮ್ಮ ಗೊತ್ತಿಲ್ಲ ಅನ್ನಬೇಕೆಂದು ಬಾಯಿ ತೆರೆದಳು, ಹೆದರಿಕೆಗೆ ನಿಜವೇ ಹೊರಬಿತ್ತು. "ನಾನೇ ಮೇಡಂ. ಕಿತ್ತು ಬಂದಿತ್ತು. ನಾನು ಟೈಲರ್ರು."

ಅಧಿಕಾರಿ ಪಾಸ್‌ಪೋರ್ಟ್ ಹಿಡಿದು ಎದ್ದಳು. ಹೋದದ್ದೆಲ್ಲಿಗೆ? ಗಂಡನ ಕೋಣೆಗೆ! ಅವನು ಗೊತ್ತಿಲ್ಲ ಅಂದರೆ ಎಲ್ಲ ಮುಗಿಯಿತಲ್ಲ! ಗೋಡೆ ಗಡಿಯಾರದ ಮುಳ್ಳು ನೋಡುತ್ತ ನಲವತ್ತು ನಿಮಿಷ ಬೆವರಿದಳು.

ಅಧಿಕಾರಿ ವಾಪಸು ಬಂದಳು. "ಹಾಳೆಗಳೆಲ್ಲ ಅಸಲಿ. ಪರೀಕ್ಷೆ ಮಾಡಿಸಿದೆ. ನಿಮಗೂ ಮಗಳಿಗೂ ಪರವಾನಗಿ ಸಿಗುತ್ತೆ. ಪಾಸ್‌ಪೋರ್ಟ್ ಮಾತ್ರ ಹೊಸದು ಮಾಡಿಸ್ಕೊಳ್ಳಿ."

"ಅವರಿಗೆ?"

"ಅವರು, ನಾನೇ ಹೊಲಿದದ್ದು, ಅವಳಿಗೇನೂ ಗೊತ್ತಿಲ್ಲ ಅಂತ ಬರೆದು ಸಹಿ ಹಾಕಿದ್ದಾರೆ."

ಹೊಲಿಗೆಯ ಗಂಧಗಾಳಿ ಇಲ್ಲದ ಮನುಷ್ಯ! "ಮೇಡಂ, ಅವರಿಗೆ ಒಂದು ಗುಂಡಿ ಹಾಕೋಕೂ ಬರಲ್ಲ. ನನ್ನ ಉಳಿಸೋಕೆ ಹೇಳಿದ್ದಾರೆ ಅಷ್ಟೇ. ನಿಮ್ಮ ಕಾಲಿಗೆ ಬೀಳ್ತೀನಿ."

"ನನಗೂ ಗೊತ್ತಾಯ್ತು ಅಮ್ಮ. ಆದರೆ ಸುಳ್ಳು ಹೇಳಿಕೆಗೆ ಸಹಿ ಬಿದ್ದಿದೆ. ಅವರ ಅರ್ಜಿ ತಿರಸ್ಕಾರ ಆಗುತ್ತೆ."

ಹೊರಗಿನ ಬೆಂಚಿನಲ್ಲಿ ಕೂತಿದ್ದವನು ಅವಳನ್ನು ಕಂಡು ದಡಬಡಿಸಿ ಎದ್ದ. "ಏನಾಯ್ತೇ? ನಿನ್ನದು ಆಯ್ತಾ?"

ತಲೆಯಾಡಿಸಿದಳು.

"ಮಗಳದು?"

ತಲೆಯಾಡಿಸಿದಳು.

"ಸದ್ಯ! ನನ್ನ ಜೀವವೇ ಹೋಗಿತ್ತು ಕಣೇ," ಅಂತ ಅವನು ನಕ್ಕೇಬಿಟ್ಟ. ಅವಳ ಚೀಲ ತೆಗೆದು ತನ್ನ ಹೆಗಲಿಗೆ ಹಾಕಿಕೊಂಡು, ಬಸ್ಸು ತಪ್ಪೀತು ನಡಿ ಅಂತ ಮುಂದೆ ಹೊರಟ. ತನ್ನದೇನಾಯಿತು ಅಂತ ಕೇಳಲೇ ಇಲ್ಲ.