ಬಿಚ್ಚದ ಮಂಚ

ಅಂಗಡಿಯ ಮಂಚವೆಂದರೆ ಕ್ಲೆಮ್ ಡೈರೀನ್‌ಗೆ ಮೈಯೆಲ್ಲ ಉರಿಯುತ್ತಿತ್ತು. ಹ್ಯೂವನ್ ನದಿಯ ದಂಡೆಯಲ್ಲಿ ಹರೆಯದಿಂದ ಮುಪ್ಪಿನವರೆಗೆ ಮರದ ದೋಣಿ ಕಟ್ಟಿದ ಆಸಾಮಿ. ಅಂಥವನ ಮನೆಯಲ್ಲೇ ಅಂಗಡಿ ಮಂಚದ ಮೂಲೆ ಕಳಚಿಕೊಂಡು, ಹೆಂಡತಿ ಮರ್ಲ್ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದಳು. ಮುರಿದ ಮೂಲೆಯನ್ನು ಅವನು ಉಗುರಿನಿಂದ ಕೆರೆದು ನೋಡಿದ. ಗಟ್ಟಿ ಮರವೇ ಅಲ್ಲ, ಮರದ ಹೊಟ್ಟಿಗೆ ಅಂಟು ಕಲಸಿ ಒತ್ತಿದ್ದು. ಒಣಗಿದ ಬ್ರೆಡ್ಡಿನ ಹಾಗೆ ಉದುರಿತು.

"ಥೂ! ಇದನ್ನ ಮಾಡಿದವನ ಕೈ ಸೇದಿಹೋಗ!"

ಆಸ್ಪತ್ರೆಯ ನರ್ಸ್ ಫೋನಿನಲ್ಲಿ ಖಡಾಖಂಡಿತ ಹೇಳಿದ್ದಳು: "ಅಲ್ಲಾಡದ ಮಂಚ ಇದ್ರೆ ಶುಕ್ರವಾರ ಮನೆಗೆ ಕರ್ಕೊಂಡು ಬರ್ತೀನಿ. ಇಲ್ಲಾಂದ್ರೆ ವೃದ್ಧಾಶ್ರಮಕ್ಕೇ. ಕಬ್ಬಿಣದ ಮಂಚ ಬಾಡಿಗೆಗೆ ಸಿಗುತ್ತೆ, ತರಿಸಲಾ?"

"ಕಬ್ಬಿಣದ್ದರ ಮೇಲೆ ಹೆಣ ಮಲಗಿಸಿಕೊಳ್ಳಿ" ಎಂದು ಕ್ಲೆಮ್ ಫೋನ್ ಕುಕ್ಕಿದ.

ದೋಣಿಗೆಂದು ಎತ್ತಿಟ್ಟಿದ್ದ, ನೀರಿಗೂ ಕೊಳೆಯದ ಹ್ಯೂವನ್ ಪೈನ್ ಮರದ ಹಲಗೆಗಳು ಮಂಚಕ್ಕಾಗಿ ಕೆಳಗಿಳಿದವು. ಪಕ್ಕದ ಪಟ್ಟಿಯ ತುದಿಯನ್ನು ನಾಲಿಗೆಯಂತೆ ಕೆತ್ತಿ, ಮಂಚದ ಕಾಲಿನಲ್ಲಿ ಕೊರೆದ ಕಿಂಡಿಗೆ ತೂರಿಸಿದ. ಹೊರಗೆ ಇಣುಕುವ ತುದಿಗೆ ಬೆಣೆ ಬಡಿದರೆ ಬಿಗಿ, ಬೆಣೆ ಕಿತ್ತರೆ ಮಂಚ ಬಿಚ್ಚಿಕೊಳ್ಳುತ್ತದೆ. ಪಕ್ಕದ ಸೇಬಿನ ತೋಟದ ರೆಗ್ ನೋಡಿ ತಲೆದೂಗಿದ.

"ಚೆನ್ನಾಗಿದೆ ಮಾರಾಯ. ಹೀಗೇ ಬಿಡು."

"ಬಿಚ್ಚಿಕೊಳ್ಳೋದೂ ಒಂದು ಕೀಲೇನೋ? ನಡು ನೀರಲ್ಲಿ ಬಿಚ್ಚಿಕೊಂಡ್ರೆ?"

"ಮಂಚ ಕಣೋ ಇದು! ಯಾವ ನಡು ನೀರು?"

ಕ್ಲೆಮ್ ಕೇಳಲಿಲ್ಲ. ಬೆಣೆಗಳನ್ನು ಒಲೆಗೆ ಹಾಕಿ, ಕೀಲಿಗೆಲ್ಲ ಅಂಟು ತುಂಬಿ, ಅಡ್ಡಲಾಗಿ ಮರದ ಮೊಳೆ ಹೊಡೆದ. ಇನ್ನು ಆನೆ ಬಂದು ಕುಣಿದರೂ ಅದು ಮಿಸುಕುವುದಿಲ್ಲ.

ಶುಕ್ರವಾರ ರೆಗ್ ಮತ್ತು ಅವನ ಆಳುಗಳು ಏದುಸಿರು ಬಿಡುತ್ತ ಮಂಚವನ್ನು ದೋಣಿ ಶೆಡ್ಡಿನಿಂದ ಮನೆ ಬಾಗಿಲಿಗೆ ಹೊತ್ತು ತಂದರು. ನೇರವಾಗಿ ಹೋಗಲಿಲ್ಲ. ಓರೆ ಮಾಡಿದರೂ ಹೋಗಲಿಲ್ಲ. ಕಿಟಕಿಗಳಂತೂ ಇನ್ನೂ ಕಿರಿದು. ದೋಣಿ ಕಟ್ಟುವವನು ಶೆಡ್ಡಿನಿಂದ ನೀರಿಗಿಳಿಯುವ ದಾರಿಯನ್ನು ಅಳೆಯುತ್ತಾನೆ. ಮನೆಯ ಬಾಗಿಲನ್ನು ಅಳೆದು ಅವನಿಗೇನು ಗೊತ್ತು? ಆಳುಗಳು ಮುಖ ತಿರುಗಿಸಿಕೊಂಡು ನಕ್ಕರು. ಕ್ಲೆಮ್‌ಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಅಷ್ಟರಲ್ಲಿ ನರ್ಸಿನ ಕಾರು ಬಂತು. ಮರ್ಲ್ ಊರುಗೋಲು ಹಿಡಿದು ಇಳಿದು, ಅಂಗಳದಲ್ಲಿದ್ದ ಮಂಚವನ್ನು ನೋಡಿದಳು.

"ಕೊಯ್ದು ಒಳಗೆ ತಗೊಂಡು ಹೋಗು, ಕ್ಲೆಮ್. ಆಮೇಲೆ ಬೋಲ್ಟ್ ಹಾಕು. ನಂಗೆ ನಿಲ್ಲೋಕಾಗ್ತಿಲ್ಲ."

ಕ್ಲೆಮ್ ಗರಗಸ ತಂದ. ತಂದವನು ಮಂಚದ ಪಕ್ಕ ಕುಕ್ಕರಗಾಲಲ್ಲಿ ಕೂತು ಕೀಲನ್ನು ಹೆಬ್ಬೆರಳಿನಿಂದ ಸವರಿದ. ಕೂದಲೆಳೆಯಷ್ಟೂ ಸಂದಿಲ್ಲ.

"ಇಂಥ ಕೀಲು ಕೊಯ್ಯೋದಾ? ಬೋಲ್ಟ್ ಹಾಕೋದಾ? ಥೂ! ಗೋಡೆ ಕೆಡವೋಣ. ಎರಡು ವಾರದ ಕೆಲಸ ಅಷ್ಟೇ. ಅಲ್ಲೀವರೆಗೂ ನೀನು ಆಶ್ರಮದಲ್ಲಿರು."

ರೆಗ್ ನೆಲ ನೋಡಿದ. ಮರ್ಲ್ ಗಂಡನ ಹೆಬ್ಬೆರಳನ್ನೇ ನೋಡುತ್ತಿದ್ದಳು.

"ನನ್ನ ಸೊಂಟ ಮುರಿದಾಗ್ಲೂ ನಿನ್ನ ಮುಖ ಇಷ್ಟು ಬಾಡಿರಲಿಲ್ಲ" ಎಂದು ನರ್ಸಿನತ್ತ ತಿರುಗಿದಳು. "ನಡಿಯಮ್ಮ, ಹೋಗೋಣ. ಅಲ್ಲಿ ಮಂಚ ಆಗ್ಲೇ ಒಳಗಿರುತ್ತೆ."

"ಮರ್ಲ್, ತಾಳು! ಕೊಯ್ತೀನಿ, ಕೊಯ್ತೀನಿ!"

ಅವನು ಗರಗಸ ಎಳೆಯತೊಡಗಿದ. ಕಾರು ಗೇಟು ದಾಟಿ ಹೋಯಿತು.

ಸಂಜೆಯ ಹೊತ್ತಿಗೆ ಎರಡು ತುಂಡಾದ ಮಂಚ ಒಳಗೆ ಹೋಯಿತು. ಬೋಲ್ಟ್ ಬಿಗಿದು ಅಲ್ಲಾಡಿಸಿ ನೋಡಿದ, ಗಟ್ಟಿಯಾಗಿಯೇ ನಿಂತಿತ್ತು. ಮರ್ಲ್‌ಗೆ ಫೋನ್ ಮಾಡಿದ, ಅವಳು ಎತ್ತಲಿಲ್ಲ. ಆ ಮಂಚದ ಮೇಲೆ ಮಲಗಲು ಅವನಿಗೇ ಅಸಹ್ಯವಾಗಿ, ಬರಿನೆಲದ ಮೇಲೆ ಕೋಟು ಹಾಸಿಕೊಂಡು ಮಲಗಿದ.