ಹಸುವಿನ ಕೊರಳಲ್ಲಿ ಕ್ಯಾಸಿನೊ ಬಿಲ್ಲೆ

ಗೆಳೆಯರೇ, ಜೂಜಿನಲ್ಲಿ ದುಡ್ಡಿನ ಬದಲು ಇಡುವ ಹಳೆಯ ಕ್ಯಾಸಿನೊ ಬಿಲ್ಲೆ ಕೂಡಿಡುವ ನನ್ನ ಹುಚ್ಚಿಗೆ ಇವತ್ತು ಕಿಬ್ಬನಹಳ್ಳಿ ಹತ್ತಿರದ ತೆಂಗಿನ ತೋಟವೊಂದರಲ್ಲಿ ಸರಿಯಾದ ಮಂಗಳಾರತಿಯಾಯಿತು.

ತೋಟದ ಒಡತಿ ಗಂಗಮ್ಮನವರ ಹಸುವಿನ ಕೊರಳಲ್ಲಿ, ದೃಷ್ಟಿಗೆಂದು ಕಟ್ಟಿದ ಕರಿದಾರದಲ್ಲಿ, ಗೋವಾದ ಕ್ಯಾಸಿನೊ ಒಂದರ ಹಳೆಯ ಕೆಂಪು ಬಿಲ್ಲೆ ನೇತಾಡುತ್ತಿತ್ತು. ನಡುವೆ ತೂತು. ನನಗೆ ಗೊತ್ತಿದ್ದ ಚರಿತ್ರೆ ಹೇಳಿದೆ: "ಬಿಲ್ಲೆ ಇನ್ನು ನಡೆಯಬಾರದು ಅಂತ ಕ್ಯಾಸಿನೊದವರೇ ಹೀಗೆ ತೂತು ಹೊಡೀತಾರೆ, ಅಮ್ಮ."

"ಅವ್ರ್ಯಾರೂ ಅಲ್ಲ ಕಣಪ್ಪ, ಮೊಳೆ ಕಾಯಿಸಿ ನಾನೇ ಹೊಡ್ದಿದ್ದು," ಅಂದರು. "ನಮ್ಮನೆಯೋರು ಕೊಬ್ರಿ ಮಾರಿದ್ ದುಡ್ಡೆಲ್ಲ ಅಲ್ಲೇ ಸುರಿದ್ರು. ಇದೊಂದು ಉಳ್ದೈತೆ, ಇನ್ನೊಂದ್ಸಲ ಹೋಗ್ಬತ್ತೀನಿ ಅಂತ ಎದ್ರು. ಬಿಸಾಕಿದ್ರೆ ತಿಪ್ಪೆ ಕೆದಕಿ ತಗೀತಿದ್ರು. ಅದಕ್ಕೇ ತೂತು ಹೊಡ್ದು ದನದ ಕೊರಳಿಗೆ ಕಟ್ದೆ. ಆಮ್ಯಾಲೆ ಅವ್ರು ಹೋಗ್ನಿಲ್ಲ."

ನಾನು ಸುಮ್ಮನಿರಬೇಕಿತ್ತು. "ಎಷ್ಟಕ್ಕೆ ಕೊಡ್ತೀರಿ?" ಅಂದುಬಿಟ್ಟೆ.

ಗಂಗಮ್ಮ ನನ್ನನ್ನೇ ನೋಡಿದರು. "ಇದಕ್ಕೆ ಬೆಲೆ ಇರಬಾರ್ದು ಅಂತ ತಾನೆ ತೂತು ಹೊಡ್ದಿದ್ದು? ನೀನು ಮತ್ತೆ ಬೆಲೆ ಕಟ್ಟಕ್ಕೆ ಬಂದ್ಯಲ್ಲಪ್ಪ."

ಮನೆಗೆ ಬಂದು ನನ್ನ ಪೆಟ್ಟಿಗೆ ತೆರೆದು ಕೂತಿದ್ದೇನೆ. ಇದರಲ್ಲಿರುವ ಒಂದು ಬಿಲ್ಲೆಗೂ ತೂತಿಲ್ಲ ಎಂದು ನಿನ್ನೆಯವರೆಗೂ ನನಗೆ ಬಹಳ ಹೆಮ್ಮೆಯಿತ್ತು.